ಎಂಸಿಪಿ ಟೂಲ್‌ಬಾಕ್ಸ್: ಕಾಫಿ ಲೆಕ್ಕಕ್ಕೆ ಎಐ ಏಜೆಂಟ್ ಜೋಡಿಸುವವರಿಗೆ

ಖರೀದಿ ಲೆಕ್ಕವನ್ನು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ನಲ್ಲಿ ಇಟ್ಟಿರುವ ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗೆ, ‘ಈ ಸೀಸನ್‌ನಲ್ಲಿ ಮೂಡಿಗೆರೆ ಕಡೆಯಿಂದ ಎಷ್ಟು ಮೂಟೆ ರೊಬಸ್ಟಾ ಚೆರ್ರಿ ಬಂತು?’ ಎಂದು ಬಾಯಿಮಾತಿನಲ್ಲೇ ಕೇಳಿ ಉತ್ತರ ಪಡೆಯುವ ಆಸೆ ಇದ್ದೇ ಇರುತ್ತದೆ. ಅದಕ್ಕೆ ಸಿಗುವ ಉಚಿತ ಸಾಧನಗಳಲ್ಲಿ ಗೂಗಲ್‌ನ ಎಂಸಿಪಿ ಟೂಲ್‌ಬಾಕ್ಸ್ ಫಾರ್ ಡೇಟಾಬೇಸಸ್ ಗಟ್ಟಿಯಾದದ್ದು. ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಎಂದರೆ ಎಐ ಏಜೆಂಟ್, ಅಂದರೆ ನಮ್ಮ ಪರವಾಗಿ ಕೆಲಸ ಮಾಡುವ ಎಐ ಪ್ರೋಗ್ರಾಂ, ಹೊರಗಿನ ಸಾಧನಗಳನ್ನು ಬಳಸಲು ಇರುವ ಒಂದು ಸಾಮಾನ್ಯ ವಿಧಾನ. ಆದರೆ ಟೂಲ್‌ಬಾಕ್ಸ್ ಕೂರಿಸುವುದು ಅರ್ಧ ದಿನದ ಕೆಲಸವಾದರೆ, ಅದರೊಳಗಿನ ಪ್ರತಿ ಟೂಲ್ ಏನು ಮಾಡುತ್ತದೆ ಎಂದು ಏಜೆಂಟ್‌ಗೆ ತಿಳಿಸುವ ವಿವರಣೆ ಬರೆಯುವುದು ವಾರದ ಕೆಲಸ. ಈ ಎರಡನೆಯದರಲ್ಲಿ ಟೂಲ್‌ಬಾಕ್ಸ್ ನಿಮಗೆ ಏನೂ ಸಹಾಯ ಮಾಡುವುದಿಲ್ಲ.

ರಚನೆ ಸರಳ. ಒಂದು ಪ್ರೋಗ್ರಾಂ, ಜೊತೆಗೆ ‘ಟೂಲ್ಸ್ ಡಾಟ್ ಯಾಮಲ್’ ಎಂಬ ಫೈಲ್. ಡೇಟಾಬೇಸ್ ಎಲ್ಲಿದೆ ಎಂಬುದನ್ನು ‘ಸೋರ್ಸ್’ನಲ್ಲಿ ಹೇಳಬೇಕು. ಪ್ರತಿ ‘ಟೂಲ್’ಗೆ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳು (ದಿನಾಂಕ, ಊರು ಹೀಗೆ ಪ್ರತಿ ಸಲ ತುಂಬಬೇಕಾದವು) ಮತ್ತು ನಾವೇ ಬರೆದ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶ. ಏಜೆಂಟ್‌ನ ಹಿಂದಿರುವ ಎಐ ಮಾಡೆಲ್ ತುಂಬುವುದು ಪ್ಯಾರಾಮೀಟರ್‌ಗಳನ್ನು ಮಾತ್ರ, ಹಾಗಾಗಿ ಅದು ತಾನೇ ಎಸ್‌ಕ್ಯೂಎಲ್ ಹೊಸೆದು ಟೇಬಲ್ ಅಳಿಸುವ ಭಯವಿಲ್ಲ. ಫೈಲ್ ತಿದ್ದಿದರೆ ಸರ್ವರ್ ನಿಲ್ಲಿಸದೆಯೇ ಬದಲಾವಣೆ ಜಾರಿಯಾಗುತ್ತದೆ. ಇಷ್ಟರಮಟ್ಟಿಗೆ ಚೊಕ್ಕ ಕೆಲಸ.

ತೊಡಕು ಶುರುವಾಗುವುದು ವಿವರಣೆಯಲ್ಲಿ. ಏಜೆಂಟ್‌ಗೆ ಕಾಣುವುದು ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್ ಇಷ್ಟೇ. ಒಳಗಿನ ಎಸ್‌ಕ್ಯೂಎಲ್ ಅದಕ್ಕೆ ಕಾಣದು. ‘ಖರೀದಿ ವಿವರ ಕೊಡುತ್ತದೆ’ ಎಂದು ಬರೆದರೂ ಟೂಲ್‌ಬಾಕ್ಸ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಏಜೆಂಟ್ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ತೋಟಕ್ಕೆ ಹೊಸದಾಗಿ ಬಂದ ರೈಟರ್‌ಗೆ (ಲೆಕ್ಕ ಬರೆಯುವವನಿಗೆ) ಮೊದಲ ದಿನ ಏನೇನು ಹೇಳಬೇಕೋ ಅಷ್ಟನ್ನೂ ಇಲ್ಲಿ ಬರೆದಿಡಬೇಕು.

‘ಓಟಿ’ (ಔಟ್‌ಟರ್ನ್) ಕಾಲಂ ನೋಡಿ. ಅದರಲ್ಲಿ 27 ಎಂದಿದ್ದರೆ, 50 ಕೆಜಿಯ ಒಂದು ಮೂಟೆ ಚೆರ್ರಿಯಿಂದ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 27 ಕೆಜಿ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಎಂದು ಇಲ್ಲಿನವರಿಗೆಲ್ಲ ಗೊತ್ತು. ಮಾಡೆಲ್ ಅದನ್ನು ಶೇಕಡಾ 27 ಎಂದುಕೊಂಡರೆ? 400 ಮೂಟೆಗೆ 10,800 ಕೆಜಿ ಬರಬೇಕಾದಲ್ಲಿ 5,400 ಎನ್ನುತ್ತದೆ. ಸರಿಯಾಗಿ ಅರ್ಧ, ಅದೂ ಯಾವ ಎರರ್ ಇಲ್ಲದೆ. ಇದನ್ನು ತಪ್ಪಿಸಲು ಒಂದೇ ವಾಕ್ಯ ಸಾಕು: ‘ಓಟಿ ಎಂದರೆ 50 ಕೆಜಿ ಮೂಟೆಗೆ ಸಿಗುವ ಕ್ಲೀನ್ ಕಾಫಿ, ಕೆಜಿಯಲ್ಲಿ; ಶೇಕಡಾವಾರು ಅಲ್ಲ.’ ಹಾಗೆಯೇ ಎಪಿ, ಎಸಿ, ಆರ್‌ಪಿ, ಆರ್‌ಸಿ ಎಂಬ ನಾಲ್ಕು ಕೋಡ್‌ಗಳನ್ನೂ (ಅರೇಬಿಕಾ, ರೊಬಸ್ಟಾಗಳ ಪಾರ್ಚ್‌ಮೆಂಟ್ ಮತ್ತು ಚೆರ್ರಿ) ಬಿಡಿಸಿ ಬರೆಯಬೇಕು. ಎಸಿ ಎಂದರೆ ಅರೇಬಿಕಾ ಚೆರ್ರಿ ಎಂದು ಯಾರೂ ಹೇಳದಿದ್ದರೆ ಅದು ಅಕೌಂಟ್ ಆಗಿಬಿಡಬಹುದು.

ವರ್ಷದ್ದು ಇನ್ನೊಂದು ಗೋಜಲು. ಕಾಫಿ ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30, ಆಡಿಟರ್ ವರ್ಷ ಏಪ್ರಿಲ್‌ನಿಂದ ಮಾರ್ಚ್, ಮಾಡೆಲ್ ಹಿಡಿಯುವುದು ಬಹುತೇಕ ಜನವರಿಯಿಂದ. ಅರೇಬಿಕಾ ಕೊಯ್ಲು ಡಿಸೆಂಬರ್-ಜನವರಿಯನ್ನು ದಾಟುವುದರಿಂದ ಒಂದೇ ಫಸಲು ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ‘ವರ್ಷ’ ಎಂಬ ಪ್ಯಾರಾಮೀಟರ್ ಇಡಲೇಬೇಡಿ. ಆರಂಭದ ದಿನ, ಕೊನೆಯ ದಿನ ಎಂದು ಎರಡು ಇಟ್ಟು, ‘ಸೀಸನ್ ಎಂದರೆ ಅಕ್ಟೋಬರ್ 1ರಿಂದ’ ಎಂದು ವಿವರಣೆಯಲ್ಲಿ ಬರೆಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಪಟ್ಟಿಯ ಮೊದಲ ಪ್ಯಾರಾಮೀಟರ್ ಎಸ್‌ಕ್ಯೂಎಲ್‌ನೊಳಗೆ $1, ಎರಡನೆಯದು $2. ಎರಡು ದಿನಾಂಕಗಳ ಕ್ರಮ ಅದಲುಬದಲಾದರೆ ಖಾಲಿ ಉತ್ತರ ಬರುತ್ತದೆ, ಏಜೆಂಟ್ ‘ಖರೀದಿಯೇ ಆಗಿಲ್ಲ’ ಎಂದು ವರದಿ ಮಾಡುತ್ತದೆ.

ಊರಿನ ಹೆಸರೂ ಹೀಗೆಯೇ ಕೈಕೊಡುತ್ತದೆ. ಕನ್ನಡದಲ್ಲಿ ಕೇಳಿದರೆ ಏಜೆಂಟ್ ‘ಮೂಡಿಗೆರೆ’ ಎಂದೇ ಕನ್ನಡ ಅಕ್ಷರದಲ್ಲಿ ಹುಡುಕಬಹುದು, ಟೇಬಲ್‌ನಲ್ಲಿರುವುದು ಇಂಗ್ಲಿಷ್ ಅಕ್ಷರ. ಜಿಲ್ಲೆಯ ಇಂಗ್ಲಿಷ್ ಕಾಗುಣಿತವಂತೂ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು; ಹಳೆಯ ಸಾಲುಗಳಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಇರುವುದು ಸಹಜ. ಇಂಥದ್ದನ್ನು ವಿವರಣೆಗೆ ಬಿಡುವುದಕ್ಕಿಂತ ತಾಲ್ಲೂಕುಗಳ ಕೋಡ್ ಪಟ್ಟಿ ಕೊಡುವ ಪ್ರತ್ಯೇಕ ಟೂಲ್ ಮಾಡಿ, ‘ಮೊದಲು ಇದನ್ನು ಕರೆದು ಕೋಡ್ ತೆಗೆದುಕೊಳ್ಳಿ’ ಎಂದು ಬರೆಯುವುದು ವಾಸಿ.

ಸಾಲುಗಳ ಮಿತಿ ಬಗ್ಗೆಯೂ ಎಚ್ಚರ. ಎಸ್‌ಕ್ಯೂಎಲ್‌ನಲ್ಲಿ ಲಿಮಿಟ್ 100 (ನೂರು ಸಾಲು ಮಾತ್ರ) ಎಂದು ಹಾಕಿ ವಿವರಣೆಯಲ್ಲಿ ಹೇಳದಿದ್ದರೆ, ಏಜೆಂಟ್ ಆ ನೂರು ಸಾಲನ್ನೇ ಕೂಡಿ ‘ಒಟ್ಟು’ ಎನ್ನುತ್ತದೆ. ಮೊತ್ತಕ್ಕೆ ಬೇರೆ ಟೂಲ್, ಬಿಡಿ ರಸೀದಿಗೆ ಬೇರೆ ಟೂಲ್ ಇರಲಿ. ಯಾವುದನ್ನು ಯಾವಾಗ ಬಳಸಬಾರದು ಎಂದೂ ಬರೆಯಿರಿ. ಬಹಳ ಮಂದಿ ಬಿಡುವುದು ಇದನ್ನೇ.

ಸಿದ್ಧ ಟೂಲ್‌ಗಳ ‘ಪ್ರೀಬಿಲ್ಟ್’ ವ್ಯವಸ್ಥೆ ಬೇಗ ಶುರುಮಾಡಲು ಚೆನ್ನ, ಆದರೆ ಪೋಸ್ಟ್‌ಗ್ರೆಸ್‌ನದರಲ್ಲಿ ಯಾವುದೇ ಎಸ್‌ಕ್ಯೂಎಲ್ ಓಡಿಸುವ ಟೂಲ್ ಕೂಡ ಸೇರಿರುತ್ತದೆ. ಡೆವಲಪರ್ ಕಂಪ್ಯೂಟರ್‌ಗೆ ಸರಿ, ಬೆಳೆಗಾರರ ಬಾಕಿ ಹಣ ಇರುವ ಡೇಟಾಬೇಸ್‌ಗೆ ಬೇಡ. ಯಾವ ರೀತಿ ಬಳಸಿದರೂ ಸೆಲೆಕ್ಟ್ (ಓದುವ) ಅನುಮತಿ ಮಾತ್ರ ಇರುವ ಬೇರೆ ಯೂಸರ್ ಮಾಡಿಕೊಡಿ. ‘ಓದಲು ಮಾತ್ರ’ ಎಂದು ವಿವರಣೆಯಲ್ಲಿ ಬರೆದರೆ ಅದು ಕೋರಿಕೆ, ಬೀಗ ಅಲ್ಲ.

ವಿವರಣೆಯನ್ನು ಕನ್ನಡದಲ್ಲೂ ಬರೆಯಬಹುದು, ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಎಣಿಸುವ ತುಣುಕು) ಖರ್ಚು ಮಾತ್ರ ಹೆಚ್ಚು. ಇಂಗ್ಲಿಷಿನಲ್ಲಿ ಬರೆದು ಮೂಟೆ, ಚೀಲ, ಮುಂಗಡ, ಬಾಕಿ ಎಂಬ ಮಾತುಗಳನ್ನು ಕನ್ನಡ ಅಕ್ಷರದಲ್ಲೇ ಸೇರಿಸುವುದು ಒಳ್ಳೆಯ ಹೊಂದಾಣಿಕೆ. ಬರೆದ ಮೇಲೆ, ಉತ್ತರ ಮೊದಲೇ ಗೊತ್ತಿರುವ ಇಪ್ಪತ್ತು ಪ್ರಶ್ನೆ ಕೇಳಿ. ತಪ್ಪಿದಲ್ಲೆಲ್ಲ ಮಾಡೆಲ್ ಬದಲಿಸುವ ಮೊದಲು ಆ ಟೂಲ್‌ನ ವಿವರಣೆ ತಿದ್ದಿ, ಇಪ್ಪತ್ತನ್ನೂ ಮತ್ತೆ ಕೇಳಿ.