ರಾಯಚೂರು ಕೋಟೆ ಗೈಡ್ ಸೇವೆ: ಕಲ್ಲಿನ ಪಾಠ ಪಕ್ಕಾ, ಅರಮನೆಯ ಪಾಠ ಅರ್ಧ

ರಾಯಚೂರು ಕೋಟೆ ತೋರಿಸುವ ಈ ಖಾಸಗಿ ಗೈಡ್ ಸೇವೆ ಬೆಳಿಗ್ಗೆ ಆರೂವರೆಗೆ ಶುರು, ಒಂಬತ್ತೂವರೆಗೆ ಮುಕ್ತಾಯ. ಇಲ್ಲಿನ ಬಿಸಿಲು ಬಲ್ಲವರು ಇಟ್ಟ ಟೈಮಿಂಗ್. ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇರುವುದಿಲ್ಲ, ಹಾಗಾಗಿ ಹಿಂದೆ ನಿಂತವರಿಗೂ ಮಾತು ಕೇಳುತ್ತದೆ. ಚಪ್ಪಲಿ ಬೇಡ, ಶೂ ಇರಲಿ. ಜಾಲಿ ಮುಳ್ಳು, ಜಾರುವ ಬಂಡೆ ಎರಡೂ ಇವೆ.

ಒಳಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಹೇಳುವ 1294ರ ಶಾಸನ ಅದರ ಮೇಲಿದೆ. ಗೈಡ್ ಟಾರ್ಚನ್ನು ಗೋಡೆಗೆ ತಾಗಿಸಿ ಬದಿಯಿಂದ ಹಿಡಿಯುತ್ತಾರೆ. ಎದುರಿನಿಂದ ಹಿಡಿದರೆ ಕಾಣದ ಅಕ್ಷರ, ನೆರಳು ಬಿದ್ದೊಡನೆ ಎದ್ದು ಬರುತ್ತದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ತೋರಿಸುತ್ತಾರೆ. ಇಷ್ಟಕ್ಕೇ ಕೊಟ್ಟ ದುಡ್ಡು ವಸೂಲಾಯಿತು.

1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಕೈಯಲ್ಲಿದ್ದ ಈ ಕೋಟೆಗೆ ಹಾಕಿದ ಮುತ್ತಿಗೆಯನ್ನೂ ಚೆನ್ನಾಗಿ ಹೇಳುತ್ತಾರೆ. ಗೋಡೆಯಿಂದ ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಸೈನಿಕರಿಗೆ ಹತ್ತರಿಂದ ಐವತ್ತು ಹಣದವರೆಗೆ (ಹಣ ಆಗಿನ ಒಂದು ನಾಣ್ಯ) ಕೊಟ್ಟರೆಂದು ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ. ಮೇಲಿನಿಂದ ಬಗ್ಗಿ ಹೊಡೆಯಲು ಬಂದವರನ್ನು ರಾಯನ ಕಡೆಗಿದ್ದ ಇನ್ನೊಬ್ಬ ಪೋರ್ಚುಗೀಸ ಫಿಗೆರೆದೊನ ಬಂದೂಕಿನವರು ಉರುಳಿಸಿದರು. ಗೋಡೆಯ ಬುಡದಲ್ಲೇ ನಿಂತು ಇದನ್ನು ಕೇಳಿದರೆ ಮುತ್ತಿಗೆಯ ಲೆಕ್ಕಾಚಾರ ಅರ್ಥವಾಗುತ್ತದೆ.

ಆಮೇಲೆ ಕಥೆ ಕುಂಟುತ್ತದೆ. 1520ಕ್ಕೆ ಮುಕ್ಕಾಲು ಗಂಟೆ, ಅಲ್ಲಿಂದ ನೇರ 1565ರ ತಾಳಿಕೋಟೆ ಯುದ್ಧಕ್ಕೆ ಜಿಗಿತ. ನಡುವಿನದನ್ನೆಲ್ಲ "ಹಿಂದೂ-ಮುಸ್ಲಿಂ ಜಗಳ ರೀ" ಎಂದು ಒಂದೇ ಮಾತಿಗೆ ಮುಗಿಸುತ್ತಾರೆ. ಆದರೆ ಕೃಷ್ಣಾ-ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡು ಕೈ ಬದಲಾಯಿಸಿದ್ದು ಬಹಳ ಸಲ ಹಂಪಿಯ ಅರಮನೆಯೊಳಗಿನ ಜಗಳದಿಂದ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ, ತಮ್ಮ ಅಚ್ಯುತರಾಯನ ಪಟ್ಟಕ್ಕೆ ತಕರಾರೆದ್ದಿತು, ಆ ಸಂದಿಯಲ್ಲೇ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ರಾಯಚೂರು, ಇದೇ ನಾಡಿನ ಮುದಗಲ್ ಕೋಟೆ ಎರಡನ್ನೂ ಕಿತ್ತುಕೊಂಡ. 1542ರಲ್ಲಿ ಅಚ್ಯುತನೂ ಹೋದ ಮೇಲೆ ಗಾದಿಯ ಜಗಳ ಬಿಜಾಪುರದ ಸುಲ್ತಾನನನ್ನೇ ಮನೆಯೊಳಗೆ ಕರೆಯುವ ಮಟ್ಟಕ್ಕೆ ಹೋಯಿತು.

ಗೆದ್ದವನು ಕೃಷ್ಣದೇವರಾಯನ ಅಳಿಯ ರಾಮರಾಯ. ಪಟ್ಟ ರಾಜವಂಶದ ಸದಾಶಿವನದು, ಅಧಿಕಾರ ಇವನದು. ಹಳೆಯ ಅಧಿಕಾರಿಗಳ ಜಾಗಕ್ಕೆ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರನ್ನೂ ನೆಂಟರನ್ನೂ ತಂದ. ಬಿಜಾಪುರ ಕೆಲಸದಿಂದ ತೆಗೆದ ಪರದೇಶಿ ಸೈನಿಕರನ್ನು ತನ್ನ ಪಡೆಗೆ ಸೇರಿಸಿಕೊಂಡ. ರಾಜವಂಶದ ಹಕ್ಕಿಲ್ಲದವನಿಗೆ ಮನೆಯಲ್ಲಿ ತೂಕ ಬರಬೇಕಾದರೆ ಹೊರಗಿನ ಗೆಲುವೇ ಬೇಕಿತ್ತು. ಇವತ್ತು ಅಹಮದ್‌ನಗರದ ಜೊತೆ, ನಾಳೆ ಅದರ ವಿರುದ್ಧ ಬಿಜಾಪುರದ ಜೊತೆ. ಹೀಗೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿಸಿಕೊಂಡ ಸುಲ್ತಾನರೇ ಒಂದಾಗಿ 1565ರಲ್ಲಿ ತಾಳಿಕೋಟೆಯಲ್ಲಿ ಅವನನ್ನು ಸೋಲಿಸಿದರು. ಇದನ್ನು ಬಿಟ್ಟರೆ ತಾಳಿಕೋಟೆ ಆಕಾಶದಿಂದ ಬಿದ್ದಂತೆ ಕಾಣುತ್ತದೆ.

ಏಕ್ ಮಿನಾರ್ ಮಸೀದಿಯ ಮುಂದೆಯೂ ಇದೇ ಅವಸರ. ಫೋಟೋ ತೆಗೆಸಿ ಮುಂದೆ ನಡೆಸುತ್ತಾರೆ. ಅದು 1513ರದು, ಬಹಮನಿ ಮಹಮೂದ್ ಶಾಹನ ಹೆಸರಿನಲ್ಲಿ ಕಟ್ಟಿದ್ದು. ಆ ಹೊತ್ತಿಗೆ ಬಹಮನಿ ಸುಲ್ತಾನ ಬೀದರಿನಲ್ಲಿ ಹೆಸರಿಗಷ್ಟೇ ಸುಲ್ತಾನ. ಹೆಸರೊಬ್ಬರದು, ಅಧಿಕಾರ ಇನ್ನೊಬ್ಬರದು ಎಂಬ ಪದ್ಧತಿ ಹಂಪಿಯಲ್ಲಷ್ಟೇ ಇರಲಿಲ್ಲ ಎಂದು ತೋರಿಸಲು ಇಡೀ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೋಗುವವರು ನೌರಂಗಿ ದರ್ವಾಜಾದ ಹತ್ತಿರ ಗೈಡ್ ನೀರು ಕುಡಿಯಲು ನಿಂತಾಗ ಒಂದು ಮಾತು ಕೇಳಿ: "ಕೃಷ್ಣದೇವರಾಯ ಸತ್ತ ಮ್ಯಾಲೆ ಈ ಕೋಟಿ ಯಾರ ಕೈಯಾಗ ಹೋತ್ರಿ, ಯಾಕ?" ಕೇಳಿದರೆ ಹೇಳುತ್ತಾರೆ, ಗೊತ್ತಿಲ್ಲದವರಲ್ಲ, ಪ್ರವಾಸಿಗರಿಗೆ ಯುದ್ಧವೇ ಬೇಕು ಅಂದುಕೊಂಡಿದ್ದಾರೆ ಅಷ್ಟೆ. ಮುದಗಲ್ ಸೇರಿಸಿದ ಇಡೀ ದಿನದ ಪ್ಯಾಕೇಜ್ ಮಾತ್ರ ಬೇಡ. ಹೊತ್ತೆಲ್ಲ ರಸ್ತೆಯಲ್ಲೇ ಕಳೆದು, ಆ ಕೋಟೆಗೆ ಸಿಗುವುದು ನಡು ಮಧ್ಯಾಹ್ನದ ಒಂದೇ ಗಂಟೆ.