ಎರಡು-ಮೂರು ವಾರದಲ್ಲಿ ಮಾಂಗಾ ಕಲಿಕೆ: ಕ್ಯೋಟೋನಾ, ಟೋಕಿಯೋನಾ?

ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಕಲಿಯಲೆಂದು ಎರಡು-ಮೂರು ವಾರಕ್ಕೆ ಜಪಾನಿಗೆ ಹೊರಡುವವರು ಕಣ್ಣುಮುಚ್ಚಿ ಟೋಕಿಯೋಗೆ ಟಿಕೆಟ್ ತೆಗೆಸುತ್ತಾರೆ. ಪ್ರಕಾಶಕರು, ಅಂಗಡಿಗಳು, ಮೇಳಗಳು ಬಹುಪಾಲು ಅಲ್ಲೇ ಇರುವುದರಿಂದ ಅದು ಸಹಜವೇ. ಆದರೆ ಓದುವುದು, ಗೆರೆ ಎಳೆಯುವುದು ಮುಖ್ಯವಾಗಿದ್ದರೆ ಮೊದಲ ವಾರಕ್ಕೆ ಕ್ಯೋಟೋ ವಾಸಿ. ಟೋಕಿಯೋ ಏನಿದ್ದರೂ ಕೈಯಲ್ಲಿ ಒಂದಷ್ಟು ಪುಟ ತಯಾರಾದ ಮೇಲೆ ಹೋಗಬೇಕಾದ ಊರು.

ಕ್ಯೋಟೋದ ಬಲವೆಲ್ಲ ಒಂದೇ ಕಟ್ಟಡದಲ್ಲಿದೆ. ಮುಚ್ಚಿಹೋಗಿದ್ದ ಪ್ರಾಥಮಿಕ ಶಾಲೆಯೊಂದರಲ್ಲಿ 2006ರಲ್ಲಿ ತೆರೆದ ಕ್ಯೋಟೋ ಅಂತರರಾಷ್ಟ್ರೀಯ ಮಾಂಗಾ ಮ್ಯೂಸಿಯಂ, ಕರಸುಮಾ-ಒಇಕೆ ಮೆಟ್ರೋ ನಿಲ್ದಾಣದಿಂದ ಎರಡೇ ನಿಮಿಷದ ದಾರಿ. ಸುಮಾರು 3 ಲಕ್ಷದ ಸಂಗ್ರಹದಲ್ಲಿ 50,000 ಪುಸ್ತಕಗಳು ತೆರೆದ ಕಪಾಟುಗಳಲ್ಲಿವೆ. ಕೆಳಗಿನ ಮಹಡಿಯಲ್ಲಿ ಹುಡುಗರ ಮಾಂಗಾ, ಅದರ ಮೇಲೆ ಹುಡುಗಿಯರದ್ದು, ಮೂರನೆಯದರಲ್ಲಿ ವಯಸ್ಕರದ್ದು. ಯಾರನ್ನೂ ಕೇಳದೆ ತೆಗೆದುಕೊಂಡು ಹೊರಗಿನ ಹುಲ್ಲುಹಾಸಿನ ಮೇಲೆ ಕೂತು ಓದಬಹುದು. ಜಪಾನಿಯ ಉಚ್ಚಾರಣಾ ಲಿಪಿಗಳಾದ ಹಿರಗಾನ, ಕತಕಾನ ಅಷ್ಟೇ ಬರುವವರು ಕೆಳಗಿನ ಎರಡು ಮಹಡಿಗಳಲ್ಲೇ ಉಳಿಯುವುದು ಒಳ್ಳೆಯದು. ಅಲ್ಲಿನ ಬಹುತೇಕ ಪುಸ್ತಕಗಳಲ್ಲಿ ಕಾಂಜಿಯ (ಚೀನೀ ಮೂಲದ ಅಕ್ಷರಗಳ) ಪಕ್ಕ ಉಚ್ಚಾರಣೆಯ ಸಣ್ಣಕ್ಷರ, ಅಂದರೆ ಫುರಿಗಾನ, ಇರುತ್ತದೆ. ನಿಘಂಟಿನಲ್ಲಿ ಹುಡುಕುವುದು ಸುಲಭ. ವಯಸ್ಕರ ಮಾಂಗಾದಲ್ಲಿ ಹಲವು ಕಡೆ ಅದಿರುವುದಿಲ್ಲ.

ಪುಟಗಳ ಫೋಟೋ ತೆಗೆಯುವಂತಿಲ್ಲ. ಕಲಿಯುವವರಿಗೆ ಇದರಿಂದ ಅನುಕೂಲವೇ ಹೆಚ್ಚು. ಒಂದು ಕಥೆ ಆರಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಪ್ರತಿ ಪುಟವನ್ನೂ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾಗಿ ಬರೆದುಕೊಳ್ಳಿ: ಚೌಕಟ್ಟುಗಳು, ಮಾತಿನ ಗುಳ್ಳೆಗಳ ಜಾಗ, ಕಣ್ಣು ಓಡುವ ದಾರಿ. ಪುಸ್ತಕ ಬಲದಿಂದ ಎಡಕ್ಕೆ ಸಾಗುವುದರಿಂದ ಹಾಳೆ ತಿರುಗಿಸುವುದು ಎಡಪುಟ ಮುಗಿದಾಗ. ಕುತೂಹಲ ಕೆರಳಿಸುವ ಚೌಕಟ್ಟು ಎಡಪುಟದ ಕೆಳಗಿನ ಎಡಮೂಲೆಯಲ್ಲಿ ಕೂರುತ್ತದೆ, ಅದರ ಉತ್ತರ ತಿರುಗಿಸಿದ ಮೇಲಿನ ಬಲಪುಟದಲ್ಲಿ. ಇಪ್ಪತ್ತು ಪುಟ ಹೀಗೆ ನಕಲು ಮಾಡಿದರೆ ಇದು ಕೈಗೆ ಹತ್ತುತ್ತದೆ, ಫೋನಿನಲ್ಲಿ ಉದ್ದಕ್ಕೆ ಸರಿಸಿ ಓದಿದರೆ ಹತ್ತುವುದಿಲ್ಲ.

ಟೋಕಿಯೋದಲ್ಲಿ ಹೀಗೆ ಕೈಗೆ ಸಿಗುವ ಒಂದೇ ಜಾಗವಿಲ್ಲ. ಹತ್ತಿರದ ಪರ್ಯಾಯವೆಂದರೆ ಮೇಜಿ ವಿಶ್ವವಿದ್ಯಾಲಯದ ಯೊನೆಜಾವಾ ಯೊಶಿಹಿರೊ ಸ್ಮಾರಕ ಗ್ರಂಥಾಲಯ, 2009ರಲ್ಲಿ ತೆರೆದದ್ದು. ಕೆಳಗಡೆ ಪ್ರದರ್ಶನ, ಮೇಲಿನ ಓದುಕೋಣೆಗೆ 18 ವರ್ಷ ತುಂಬಿರಬೇಕು, ಸದಸ್ಯರಾಗಬೇಕು. ಬಹಳಷ್ಟು ಪುಸ್ತಕಗಳು ಒಳಗಿನ ದಾಸ್ತಾನಿನಲ್ಲಿದ್ದು, ಚೀಟಿ ಕೊಟ್ಟು ತರಿಸಿಕೊಳ್ಳಬೇಕು. ಯಾವ ಪತ್ರಿಕೆ, ಯಾವ ವರ್ಷ, ಯಾವ ಸಂಚಿಕೆ ಎಂದು ಬರೆದುಕೊಂಡು ಹೋದವರಿಗೆ ಚಿನ್ನದ ಗಣಿ, ಸುಮ್ಮನೆ ನೋಡೋಣವೆಂದು ಹೋದವರಿಗೆ ಅರ್ಧ ದಿನ ದಂಡ. ಅಲ್ಲಿಂದ ನಡೆದೇ ಹೋಗಬಹುದಾದ ಜಿಂಬೊಚೊದ ಹಳೆ ಪುಸ್ತಕದಂಗಡಿಗಳಲ್ಲಿ ಹಳೆಯ ವಾರಪತ್ರಿಕೆಗಳು ಸಿಗುತ್ತವೆ. ಒಂದೆರಡು ಕೊಳ್ಳಲೇಬೇಕು.

ಏಕೆಂದರೆ ಗೆರೆಯ ದಪ್ಪದ ಲೆಕ್ಕ ಚಿಕ್ಕ ಗಾತ್ರದ ಪುಸ್ತಕವನ್ನಷ್ಟೇ ನೋಡಿದರೆ ಗೊತ್ತಾಗುವುದಿಲ್ಲ. ವೃತ್ತಿಪರರು ಎ4ಗಿಂತ ದೊಡ್ಡದಾದ ಬಿ4 ಹಾಳೆಯಲ್ಲಿ ಬರೆಯುತ್ತಾರೆ: ಒಳಚೌಕಟ್ಟು 180×270 ಮಿ.ಮೀ., ಕತ್ತರಿಸುವ ಅಂಚು 220×310 ಮಿ.ಮೀ. ಅದು ಪತ್ರಿಕೆಯ ಬಿ5 ಪುಟದಲ್ಲಿ ಸುಮಾರು 83 ಶೇಕಡಕ್ಕೆ ಇಳಿಯುತ್ತದೆ, ಚಿಕ್ಕ ಪುಸ್ತಕದಲ್ಲಿ ಹತ್ತಿರಹತ್ತಿರ ಅರ್ಧಕ್ಕೆ. ಹಾಳೆಯ ಮೇಲೆ ಚೆಂದ ಕಂಡ ಕೂದಲೆಳೆಯಂಥ ಗೆರೆ ಪುಸ್ತಕದಲ್ಲಿ ತುಂಡುತುಂಡಾಗುವುದು ಇದರಿಂದಲೇ. ನೆರಳಿಗೆಂದು ಅಂಟಿಸುವ ಚುಕ್ಕಿ ಹಾಳೆಗೆ ಟೋನ್ ಎನ್ನುತ್ತಾರೆ; ಇಂಚಿಗೆ 60 ಸಾಲು ಚುಕ್ಕಿಯ ಟೋನ್ ಪತ್ರಿಕೆಯಲ್ಲಿ 72ರಷ್ಟು ದಟ್ಟವಾಗುತ್ತದೆ. ಬೇರೆಬೇರೆ ದಟ್ಟಣೆಯ ಎರಡು ಟೋನ್ ಒಂದರ ಮೇಲೊಂದು ಅಂಟಿಸಿದರೆ ಬೇಡದ ಅಲೆಯಲೆ ವಿನ್ಯಾಸ ಮೂಡುತ್ತದೆ.

ಸಾಮಾನಿಗೆ ಟೋಕಿಯೋ ಮುಂದು. ಶಿಂಜುಕುವಿನ ಸೆಕಾಯ್‌ದೋ ಅಂಗಡಿಯಲ್ಲಿ ನಿಬ್, ಹಿಡಿ, ಶಾಯಿ, ಹಾಳೆ, ಟೋನ್ ಎಲ್ಲ ಒಂದೇ ಸೂರಿನಡಿ ಸಿಗುತ್ತವೆ. ಎಲ್ಲರೂ ಮೊದಲು ಕೈಹಾಕುವುದು ಜಿ-ಪೆನ್ ಎಂಬ ನಿಬ್ಬಿಗೆ. ಒತ್ತಿದರೆ ದಪ್ಪ, ಬಿಟ್ಟರೆ ಸಣ್ಣ ಗೆರೆ ಬರುತ್ತದೆ ನಿಜ. ಆದರೆ ಹೊಸಬರ ಕೈಯಲ್ಲಿ ಆ ಏರಿಳಿತ ನಡುಕದಂತೆ ಕಾಣುತ್ತದೆ. ಕಬುರಾ ನಿಬ್ ಗಡುಸು, ಗೆರೆ ಒಂದೇ ಸಮ. ಅದರಿಂದ ಶುರುಮಾಡಿ ನಂತರ ಜಿ-ಪೆನ್ ಹಿಡಿಯುವುದು ಸರಿ. ಕಣ್ಣು, ಕೂದಲು, ಹಿನ್ನೆಲೆಗೆ ಮಾರು-ಪೆನ್ ಎಂಬ ಸಣ್ಣ ನಿಬ್ ಬೇಕು. ಅದರ ಬುಡ ಕೊಳವೆಯಾಕಾರದ್ದು, ಎಲ್ಲ ಹಿಡಿಗೂ ಕೂರುವುದಿಲ್ಲ. ಹಿಡಿ ಸಮೇತ ಹೊಂದಿಸಿ ನೋಡಿಯೇ ದುಡ್ಡು ಕೊಡಿ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಟಿಶ್ಯೂನಿಂದ ಒರೆಸದಿದ್ದರೆ ಶಾಯಿ ನಿಲ್ಲದೆ ಜಾರುತ್ತದೆ. ಹಾಳೆ 110 ಕಿಲೋಗಿಂತ 135 ಕಿಲೋ ದಪ್ಪದ್ದಾದರೆ (ಅಲ್ಲಿ ದಪ್ಪವನ್ನು ಸಾವಿರ ದೊಡ್ಡ ಹಾಳೆಗಳ ತೂಕದಲ್ಲಿ ಹೇಳುತ್ತಾರೆ) ಅಳಿಸಿದರೂ ಮುದುಡುವುದಿಲ್ಲ. ಜೆರಾಕ್ಸ್ ಹಾಳೆಯಲ್ಲಿ ಅಭ್ಯಾಸ ಬೇಡ: ಮಾರು-ಪೆನ್ನಿನ ಮೊನೆ ಎಳೆಗೆ ಸಿಕ್ಕಿ ಶಾಯಿ ಹರಡುತ್ತದೆ. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆಗಾಲ; ಶಾಯಿ ನಿಧಾನಕ್ಕೆ ಒಣಗುತ್ತದೆ, ಅವಸರಕ್ಕೆ ರಬ್ಬರ್ ತಿಕ್ಕಿದರೆ ಪುಟ ಕೆಡುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಬರೆಯುವುದನ್ನು ಊರಿನಲ್ಲೇ ಕಲಿಯಬಹುದು, ಅದಕ್ಕಾಗಿ ಈ ಮೂರು ವಾರ ಖರ್ಚು ಮಾಡಬೇಡಿ.

ಸಂಪಾದಕರಿಗೆ ಪುಟ ತೋರಿಸುವ ಅವಕಾಶ ಎರಡೂ ಊರಲ್ಲಿದೆ, ಟೋಕಿಯೋದಲ್ಲಿ ಹೆಚ್ಚು. ಸ್ವಂತ ಕೃತಿಗಳಿಗೇ ಮೀಸಲಾದ ಕೊಮಿಟಿಯಾ ಮೇಳದಲ್ಲಿ ಹಲವು ಪತ್ರಿಕೆಗಳವರು ಮೇಜು ಹಾಕಿ ಕೂರುತ್ತಾರೆ. ಕ್ಯೋಟೋದಲ್ಲಿ ಅಂಥದ್ದು ಸೆಪ್ಟೆಂಬರ್‌ನ ಮಾಂಗಾ-ಅನಿಮೆ (ಜಪಾನಿ ಆನಿಮೇಷನ್) ಮೇಳದ ಹೊತ್ತಿಗೆ ಮುಖ್ಯವಾಗಿ. ಮುಗಿದ ಕಥೆ ಒಯ್ಯಿರಿ. ಬಿಡಿ ಚಿತ್ರಗಳ ಕಡತಕ್ಕೆ ಬೆಲೆ ಕಡಿಮೆ. ಮೂಲ ಹಾಳೆ ಬೇಡ, ನಕಲು ಸಾಕು. ಮಾತು ಜಪಾನಿ ಭಾಷೆಯಲ್ಲೇ ನಡೆಯುವುದರಿಂದ ಜೊತೆಗೆ ಅನುವಾದಕರಿರಲಿ.

ಕನ್ನಡದಲ್ಲಿ ಬರೆದ ಪುಟ ಒಯ್ಯುವವರು ಗಮನಿಸಬೇಕಾದದ್ದು ಮಾತಿನ ಗುಳ್ಳೆ. ಜಪಾನಿ ಅಕ್ಷರ ಮೇಲಿಂದ ಕೆಳಗೆ ಸಾಗುವುದರಿಂದ ಅಲ್ಲಿನ ಗುಳ್ಳೆ ಎತ್ತರ, ಕಿರಿದು. ನಮ್ಮ ಸಾಲು ಅಡ್ಡ ಓಡುತ್ತದೆ, ಒತ್ತಕ್ಷರಕ್ಕೆ ಸಾಲುಗಳ ನಡುವೆ ಜಾಗವೂ ಬೇಕು. ಅಗಲ ಗುಳ್ಳೆಗೆ ಬರೆದ ಚಿತ್ರದಲ್ಲಿ ಜಪಾನಿ ತುಂಬಿದರೆ ಎರಡು ಬದಿಯೂ ಖಾಲಿ. ಎತ್ತರ ಗುಳ್ಳೆಗೆ ಕನ್ನಡ ತುರುಕಿದರೆ ಪದವೇ ಮುರಿಯುತ್ತದೆ. ಯಾವ ಭಾಷೆಯೆಂದು ಪೆನ್ಸಿಲ್ ಹಂತದಲ್ಲೇ ತೀರ್ಮಾನಿಸಿ.

ಎರಡು ಊರಿನ ನಡುವೆ ನೊಜೊಮಿ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ, ಒಂದು ಬದಿಗೆ ಸುಮಾರು 14,000 ಯೆನ್. ವಿದೇಶಿ ಪ್ರವಾಸಿಗರಿಗೆ ಸಿಗುವ ಏಳು ದಿನದ ರೈಲು ಪಾಸಿನ ದರ 2023ರ ಅಕ್ಟೋಬರ್‌ನಲ್ಲಿ 50,000 ಯೆನ್‌ಗೆ ಏರಿದ ಮೇಲೆ, ಬರೀ ಹೋಗಿಬರುವುದಕ್ಕೆ ಅದು ನಷ್ಟ. ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಇಳಿದು ಟೋಕಿಯೋದಿಂದ ಹಿಂದಿರುಗುವ ಟಿಕೆಟ್ ಸಿಕ್ಕಿದರೆ ಒಂದು ಬದಿಯ ರೈಲು ಖರ್ಚೂ ಉಳಿಯಿತು.

ಮೂಲ ಹಾಳೆಗಳನ್ನು ಕಣ್ಣಾರೆ ನೋಡಲೇಬೇಕು ಎನ್ನುವವರಿಗೆ ಇವೆರಡೂ ಸಾಲುವುದಿಲ್ಲ. ಅದೃಷ್ಟವಿದ್ದರೆ ಯಾವುದಾದರೂ ವಿಶೇಷ ಪ್ರದರ್ಶನ ಇರಬಹುದು, ಅಷ್ಟೆ. ಅದಕ್ಕೆ ಅಕಿತಾ ಪ್ರಾಂತ್ಯದ ಯೊಕೊತೆ ನಗರದ ಮಸುದಾ ಮಾಂಗಾ ಮ್ಯೂಸಿಯಂಗೆ ಹೋಗಬೇಕು. ಮೂಲ ಹಾಳೆಗಳನ್ನು ಕಾಪಿಡುವುದೇ ಅದರ ಮುಖ್ಯ ಕೆಲಸ, ಸಂಗ್ರಹ ಲಕ್ಷಗಟ್ಟಲೆ. ಅಚ್ಚಿನಲ್ಲಿ ಕಾಣದ ನೀಲಿ ಪೆನ್ಸಿಲಿನ ಗುರುತು, ಬಿಳಿ ಬಣ್ಣ ಬಳಿದು ತಿದ್ದಿದ ಜಾಗ, ಅಂಟಿಸಿದ ಅಕ್ಷರದ ಚೂರು ಅಂಥ ಹಾಳೆಗಳಲ್ಲೇ ಕಾಣುವುದು. ಟೋಕಿಯೋದಿಂದ ದೂರ, ಒಂದೇ ದಿನದಲ್ಲಿ ಹೋಗಿಬರುವ ಆಸೆ ಬೇಡ. ಒಂದು ರಾತ್ರಿ ಅಲ್ಲೇ ಉಳಿಯುವಂತೆ ಟೋಕಿಯೋ ವಾರದಲ್ಲಿ ಎರಡು ದಿನ ತೆಗೆದಿಡಿ.