ಪಟ್ಟಿ ಮೊದಲೋ, ಕತೆ ಮೊದಲೋ? ಮಕ್ಕಳಿಗೆ ಹಣದ ಪದಗಳನ್ನು ಕಲಿಸಿ ನೋಡಿದ್ದು

ಉಳಿತಾಯ, ದುಂದುವೆಚ್ಚ, ಮಿತವ್ಯಯ, ಜಿಪುಣ, ಚೌಕಾಸಿ, ಮುಂಗಡ, ಬಾಕಿ, ಸಾಲ. ಈ ಎಂಟು ಪದಗಳನ್ನು ಏಳೆಂಟು ವರ್ಷದ ಮಕ್ಕಳಿಗೆ ಕಲಿಸಬೇಕೆಂದು ಒಂದು ಕತೆ ಕಟ್ಟಿದೆ. ಹುಡುಗಿಯೊಬ್ಬಳಿಗೆ ಹತ್ತು ನಾಣ್ಯ ಸಿಗುತ್ತವೆ. ಬಣ್ಣದ ಪೆಟ್ಟಿಗೆ ಕೊಳ್ಳಲು ಹೊರಟವಳು ದಾರಿಯುದ್ದಕ್ಕೂ ಪೀಪಿ, ಬಲೂನು, ಗಾಳಿಪಟ ಎಂದು ಖರ್ಚು ಮಾಡುತ್ತಾ ಹೋಗಿ, ಕೊನೆಗೆ ಮೂರೇ ನಾಣ್ಯ ಹಿಡಿದು ಅಂಗಡಿ ಮುಂದೆ ನಿಲ್ಲುತ್ತಾಳೆ. ಈ ಕತೆಯನ್ನು ಮೂರು ಗುಂಪುಗಳಿಗೆ ಮೂರು ಬಗೆಯಲ್ಲಿ ಹೇಳಿದೆ.

ಮೊದಲ ಗುಂಪಿಗೆ ಪದಗಳ ಪಟ್ಟಿ, ಅರ್ಥ, ಆಮೇಲೆ ಕತೆ. ಅವತ್ತು ಕೇಳಿದರೆ ಎಲ್ಲರೂ ಪಟಪಟನೆ ಅರ್ಥ ಒಪ್ಪಿಸಿದರು. ಮುಂದಿನ ವಾರದ ಹೊತ್ತಿಗೆ ಹೆಚ್ಚಿನವು ಮರೆತೇ ಹೋಗಿದ್ದವು. ಈ ದಾರಿಯ ಬಗ್ಗೆ ಇಷ್ಟೇ ಸಾಕು.

ಎರಡನೇ ಗುಂಪಿಗೆ ಎಲ್ಲೂ ನಿಲ್ಲಿಸದೆ ಕತೆ ಹೇಳಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಕತೆ ಮುಗಿದ ಮೇಲೆ ಒಬ್ಬ ಹುಡುಗ, "ಅವಳಿಗೆ ಸಾಲ ಕೊಟ್ಟಿದ್ದು ಯಾರು?" ಅಂದ. ನನಗೆ ಅರ್ಥವಾಗಲಿಲ್ಲ. ಕೆದಕಿ ಕೇಳಿದಾಗ ಗೊತ್ತಾಯಿತು: "ಮೂರು ನಾಣ್ಯ ಸಾಲದು" ಎಂದಿದ್ದೆನಲ್ಲ, ಅದರಲ್ಲಿ ಅವನ ಕಿವಿಗೆ ಬಿದ್ದದ್ದು 'ಸಾಲ'. ಕತೆಯ ಅರ್ಧಭಾಗ ಅವನು ಬೇರೆಯದೇ ಕತೆ ಕೇಳುತ್ತಿದ್ದ. ಸಂದರ್ಭದಿಂದ ಮಕ್ಕಳು ಅರ್ಥ ಹಿಡಿಯುತ್ತಾರೆ, ನಿಜ. ತಪ್ಪು ಅರ್ಥವನ್ನೂ ಅಷ್ಟೇ ಸಲೀಸಾಗಿ ಹಿಡಿಯುತ್ತಾರೆ.

ಮೂರನೇ ಗುಂಪಿಗೆ ಕತೆಯ ಓಟದಲ್ಲೇ ಅರ್ಧ ವಾಕ್ಯದಷ್ಟು ಅರ್ಥ ಸೇರಿಸಿದೆ: "ಚೌಕಾಸಿ ಮಾಡಿದಳು, ಇನ್ನೂ ಕಡಿಮೆಗೆ ಕೊಡಿ ಅಂತ ಜಗ್ಗಾಡಿದಳು." ನನ್ನ ಮತ ಇದಕ್ಕೇ. ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕ ವಾರ್ವಿಕ್ ಎಲೀ 1989ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಕತೆಯನ್ನು ಬರೀ ಓದಿ ಹೇಳಿದಾಗ ಮಕ್ಕಳ ಪದಜ್ಞಾನ ಸುಮಾರು ಶೇ 15ರಷ್ಟು ಹೆಚ್ಚಿತ್ತು, ಓದುತ್ತಲೇ ಅರ್ಥ ಬಿಡಿಸಿದಾಗ ಶೇ 40ರಷ್ಟು.

ಆದರೆ ಪದ ನಿಜವಾಗಿ ಮಕ್ಕಳದ್ದಾದದ್ದು ಕತೆ ಮುಗಿದ ಮೇಲೆ. ಕತೆಯ ಹುಡುಗಿಯ ಗೆಳತಿ ಒಂದು ನಾಣ್ಯವನ್ನೂ ಬಿಚ್ಚುವುದಿಲ್ಲ. "ಅವಳು ಜಿಪುಣಿಯೋ, ಮಿತವ್ಯಯಿಯೋ?" ಎಂದು ಕೇಳಿದ್ದೇ ತಡ, ಜಗಳ ಶುರು. ಒಬ್ಬಳು ಎದ್ದು ನಿಂತು, "ಬೇಕಾದದ್ದಕ್ಕೂ ಕೊಡದಿದ್ರೆ ಜಿಪುಣಿ. ಬೇಡದ್ದಕ್ಕೆ ಕೊಡದಿದ್ರೆ ಅದು ಇನ್ನೊಂದು" ಎಂದಳು. ಆ 'ಇನ್ನೊಂದು' ಅವಳ ಬಾಯಿಗೆ ಬರಲಿಲ್ಲ. ಪಕ್ಕದವನು "ಮಿತವ್ಯಯ!" ಎಂದು ಕೂಗಿದ. ಎರಡು ವಾರ ಬಿಟ್ಟು ಕೇಳಿದಾಗಲೂ ಆ ಜೋಡಿಪದಗಳು ಅವರಲ್ಲಿ ಗಟ್ಟಿಯಾಗಿದ್ದವು. ಯಾರದೋ ನಡೆ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಪದ ಬೇಕಾದಾಗ ಮಗು ಅದನ್ನು ಬಿಡುವುದಿಲ್ಲ.

ಮೂರನೇ ದಾರಿಯಲ್ಲೂ ತೊಡಕಿದೆ. ಎಂಟು ಕಡೆ ಅರ್ಥ ಸೇರಿಸಿದಾಗ ಕತೆ ಕುಂಟಿತು, ಹಿಂದೆ ಕೂತವರು ಮಾತಿಗಿಳಿದರು. ಈಗ ಒಂದು ಕತೆಗೆ ನಾಲ್ಕೇ ಪದ ಇಟ್ಟುಕೊಳ್ಳುತ್ತೇನೆ. 'ಮುಂಗಡ', 'ಬಾಕಿ' ಎರಡಂತೂ ಕತೆಗೆ ಒಗ್ಗಲೇ ಇಲ್ಲ. ಅವಕ್ಕೆ ಅಂಗಡಿಯಾಟವೇ ವಾಸಿ: ಕಾಗದದ ನಾಣ್ಯ ಎರಡು ಈಗ ಕೊಡು, ಉಳಿದದ್ದು ನಾಳೆ. ಮರುದಿನ ಅಂಗಡಿಯವನಾಗಿದ್ದ ಹುಡುಗ ಬಂದವನೇ ಚೀಲ ಇಳಿಸುವ ಮೊದಲೇ ಗೆಳೆಯನ ಮುಂದೆ ಕೈ ಚಾಚಿ, "ಬಾಕಿ ಕೊಡೋ" ಅಂದ.